ಅಂಬಲಿ ಬಾಗಿಲು

ಸಿನಿಮಾ ಮಾಡುವವರನ್ನೆಲ್ಲ ಒಂದು ದಿನ ಗುಂಡು ಹಾರಿಸಿ ನೋಡುವ ನಮ್ಮ ಚಾಂದಮಾರಿ ಬಯಲಿಗೆ ಕರೆತಂದು ಸಾಲಾಗಿ ನಿಲ್ಲಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಗುಂಡು ಹೊಡೆಯುವುದಕ್ಕಲ್ಲ, ಅಷ್ಟು ಕೆಟ್ಟವನಲ್ಲ ನಾನು. ಒಂದು ಕಾರಿನ ಬಾಗಿಲು ತೋರಿಸುವುದಕ್ಕೆ. ಅವರ ಹೀರೋ ಬಾಗಿಲು ತೆರೆದು ಅದರ ಹಿಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ಆ ಕಡೆಯಿಂದ ನೂರು ಗುಂಡು ಬರುತ್ತವೆ. ಇವನ ಕ್ರಾಪು ಕೂಡ ಕೆಡುವುದಿಲ್ಲ. ಥೂ, ಎಂಥ ಸುಳ್ಳು!

ಕಾರಿನ ಬಾಗಿಲು ಅಂದರೆ ಏನು? ಹೊರಗೊಂದು ತೆಳು ತಗಡು, ಒಳಗೊಂದು ತೆಳು ತಗಡು, ನಡುವೆ ಗಾಜು ಏರಿಳಿಸುವ ಯಂತ್ರ, ಉಳಿದದ್ದೆಲ್ಲ ಗಾಳಿ. ಸೈನ್ಯದ ರೈಫಲ್ಲಿನ ಗುಂಡು ಈ ಬಾಗಿಲು ದಾಟಿ, ಒಳಗೆ ಕೂತವನನ್ನು ದಾಟಿ, ಆಚೆ ಬಾಗಿಲನ್ನೂ ದಾಟಿ, ಇನ್ನೂ ಕೆಲಸ ಹುಡುಕುತ್ತ ಮುಂದೆ ಹೋಗುತ್ತದೆ. ನಾನು ಹವಾಲ್ದಾರ್ ಅಡಿವೆಪ್ಪ ನಾಯ್ಕರ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಗುಂಡು ಹಾರಿಸಿದ್ದೇನೆ. ನನ್ನ ಮೇಲೂ ಹಾರಿಸಿದ್ದಾರೆ. ಪುಸ್ತಕ ಓದಿ ಹೇಳುತ್ತಿಲ್ಲ.

ಫಕೀರಪ್ಪ ತಳವಾರ ನಮ್ಮ ಪಕ್ಕದ ಊರಿನವನು. ಇಬ್ಬರೂ ಒಂದೇ ದಿನ ಭರ್ತಿಯಾದವರು. ಉತ್ತರದ ಬೆಟ್ಟದ ದಾರಿಯಲ್ಲಿ ನಮ್ಮ ಜೀಪಿನ ಮೇಲೆ ಗುಂಡು ಬಿದ್ದಾಗ ನಾನು ಹೆದರಿ ಕೆಳಗೆ ಹಾರಿ, ಕಾಲು ಜಾರಿ, ಎಂಜಿನ್ನಿನ ಮಗ್ಗುಲಿಗೆ, ಮುಂದಿನ ಗಾಲಿಯ ಹಿಂದೆ ಬಿದ್ದೆ. ಫಕೀರಪ್ಪ ಬಾಗಿಲು ತೆರೆದು ಅದರ ಹಿಂದೆ ಕೂತ. "ಅಡವ್ಯಾ, ಇಲ್ಲಿ ಬಾರಲೇ, ಇಲ್ಲಿ ಆಸರ ಐತಿ" ಅಂತ ಕೂಗಿದ. ನಾನು ಎದ್ದು ಹೋಗುವಷ್ಟರಲ್ಲಿ ಆ ಬಾಗಿಲಿಗೆ ಮೂರು ತೂತು ಬಿದ್ದಿದ್ದವು. ಕಿರುಬೆರಳು ಹೋಗುವಷ್ಟು ಸಣ್ಣ ತೂತು. ಬಾಗಿಲಿನ ಹಿಂದೆ ಕೂತವನು ಸತ್ತ. ಎಂಜಿನ್ನಿನ ಹಿಂದೆ ಬಿದ್ದವನು ಈಗ ನಿಮ್ಮ ಮುಂದೆ ಮಾತಾಡುತ್ತಿದ್ದಾನೆ. ಇದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ನಿವೃತ್ತನಾದ ಮೇಲೆ ಬೆಳಗಾವಿಯ ಆಚೆ ಗುಡ್ಡಗಳ ನಡುವೆ ಇರುವ ಒಂದು ವಾಹನ ಪರೀಕ್ಷಾ ಕೇಂದ್ರದಲ್ಲಿ ಗುರಿಕಾರನ ಕೆಲಸ ಸಿಕ್ಕಿತು. ಬಾಗಿಲುಗಳಿಗೆ ಗುಂಡು ಹೊಡೆದು, ತೂತಾಯಿತೋ ಇಲ್ಲವೋ ಅಂತ ಬರೆಯುವುದು. ಮರಳು ತುಂಬಿದ ಬಾಗಿಲು, ನೆಲದ ಟೈಲ್ಸ್ ಕೂರಿಸಿದ ಬಾಗಿಲು, ಒಬ್ಬ ಪುಣ್ಯಾತ್ಮ ತಂದಿದ್ದ ತೆಂಗಿನ ನಾರಿನ ಬಾಗಿಲು, ಎಲ್ಲಕ್ಕೂ ಹೊಡೆದೆ. ಎಲ್ಲವೂ ತೂತು. ದಪ್ಪ ಉಕ್ಕು ಹಾಕಿದರೆ ಗುಂಡು ನಿಲ್ಲುತ್ತಿತ್ತು ನಿಜ, ಆದರೆ ಆ ಭಾರಕ್ಕೆ ಗಾಡಿಯೂ ಘಟ್ಟದ ಬುಡದಲ್ಲಿ ನಿಲ್ಲುತ್ತಿತ್ತು. ಹೀಗೆ ಆರು ವರ್ಷ.

ಆಮೇಲೆ ಮೈಸೂರಿನ ಕಡೆಯಿಂದ ವಾರಿಜಾ ಮೇಡಂ ಬಂದರು. ವಿಜ್ಞಾನಿ. ಒಂದು ಗಾಜಿನ ಜಾಡಿ ತಂದು ನಮ್ಮ ಮುಂದಿಟ್ಟು, "ಬೆರಳು ಇಳಿಸಿ, ನಿಧಾನಕ್ಕೆ" ಅಂದರು. ಇಳಿಸಿದೆ. ಬೆರಳು ಸಲೀಸಾಗಿ ಮುಳುಗಿತು. "ಈಗ ಗುದ್ದಿ" ಅಂದರು. ಗುದ್ದಿದೆ. ಅಯ್ಯಯ್ಯೋ, ಕಲ್ಲಿಗೆ ಗುದ್ದಿದ ಹಾಗಾಯಿತು! ಬೆರಳಿನ ಗೆಣ್ಣು ಎರಡು ದಿನ ಊದಿಕೊಂಡಿತ್ತು.

ಹಿಟ್ಟಿಗಿಂತ ನುಣುಪಾದ ಕಣಗಳನ್ನು ಎಣ್ಣೆಯಂಥ ಒಂದು ದ್ರವದಲ್ಲಿ ಕಲಸಿದ್ದರು. ಬಸ್ ನಿಲ್ದಾಣದ ಗದ್ದಲದಲ್ಲಿ ಮೆಲ್ಲಗೆ ಹೋದರೆ ಜನ ಸರಿದು ದಾರಿ ಬಿಡುತ್ತಾರೆ. ಓಡಿ ನುಗ್ಗಿದರೆ ಒಬ್ಬರಿಗೊಬ್ಬರು ಸಿಕ್ಕಿಕೊಂಡು ಗೋಡೆಯಾಗುತ್ತಾರೆ. ಕಣಗಳದ್ದೂ ಅದೇ ಬುದ್ಧಿ. ಗುಂಡು ಎಷ್ಟು ಜೋರಾಗಿ ಬಂದರೆ ಅಷ್ಟು ಗಟ್ಟಿ. ಬಾಗಿಲಿನ ಎರಡು ತಗಡುಗಳ ನಡುವೆ ಇದನ್ನು ತುಂಬುವುದು. ಕಡತದಲ್ಲಿ ಅದಕ್ಕೆ ಎಸ್-ಒಂಬತ್ತು ಅಂತ ಹೆಸರು. ನಮ್ಮ ಟ್ರ್ಯಾಕ್ಟರ್ ಓಡಿಸುವ ಮೌಲಾಸಾಬ ಜಾಡಿಯೊಳಗೆ ಇಣುಕಿ, "ಏನ್ರೀ ಮೇಡಂ, ನಮ್ಮನಿ ಅಂಬ್ಲಿ ಇದ್ದಂಗ ಐತಲ್ರೀ!" ಅಂದ. ಅವತ್ತಿನಿಂದ ಎಲ್ಲರ ಬಾಯಲ್ಲೂ ಅಂಬಲಿ ಬಾಗಿಲು.

ಪರೀಕ್ಷೆಗೆ ನಮ್ಮದೊಂದು ಪದ್ಧತಿ ಇತ್ತು. ಬಾಗಿಲುಗಳನ್ನೆಲ್ಲ ಗೋದಾಮಿನಲ್ಲಿ ನಿಲ್ಲಿಸಿರುತ್ತಿದ್ದರು. ಬೆಳಿಗ್ಗೆ ಮೌಲಾಸಾಬ ಒಂದನ್ನು ಟ್ರೇಲರಿಗೆ ಹಾಕಿಕೊಂಡು ಎರಡು ಕಿಲೋಮೀಟರ್ ದೂರದ ಚಾಂದಮಾರಿ ಬಯಲಿಗೆ ತರುತ್ತಿದ್ದ. ಅದು ದಾರಿಯಲ್ಲ, ಕಲ್ಲಿನ ರಾಶಿ. ಟ್ರೇಲರ್ ಎಗರಿ ಎಗರಿ ಬರುವ ಸದ್ದು ಅರ್ಧ ಊರಿಗೆ ಕೇಳುತ್ತಿತ್ತು. ತಂದ ಒಂದು ಗಂಟೆಯೊಳಗೆ ಬಾಗಿಲನ್ನು ಚೌಕಟ್ಟಿಗೆ ಬಿಗಿದು ನಾನು ಹೊಡೆಯಬೇಕು. ಇದು ನಿಯಮ. ನಿಯಮ ಬರೆದವರಿಗೆ ಆ ಕಲ್ಲಿನ ದಾರಿಯ ಮೇಲೆ ಗಮನ ಇರಲಿಲ್ಲ. ನನಗೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ?

ಮೊದಲ ಅಂಬಲಿ ಬಾಗಿಲಿಗೆ ಹೊಡೆದಾಗ ಸದ್ದೇ ಬೇರೆ ಬಂತು. ಹಿಂದೆ ಹೋಗಿ ನೋಡಿದೆ. ಒಳತಗಡಿನ ಮೇಲೆ ಮೊಣಕಾಲ ಚಿಪ್ಪಿನಷ್ಟು ಉಬ್ಬು, ತೂತಿಲ್ಲ. ಕೈಯಿಂದ ಸವರಿ ನೋಡಿದೆ, ನಿಜವಾಗಿಯೂ ತೂತಿಲ್ಲ. ಫಕೀರಪ್ಪನ ನೆನಪಾಗಿ ಅಲ್ಲೇ ನೆಲದ ಮೇಲೆ ಕೂತು ಗೋಳೋ ಅಂತ ಅತ್ತೆ. ಮೌಲಾಸಾಬ ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟ.

ನಾನೂರ ಹನ್ನೆರಡು ಗುಂಡು ಹೊಡೆದೆ. ಒಂದೂ ದಾಟಲಿಲ್ಲ. ಮೊದಲ ಕಂತಿನ ಬಾಗಿಲುಗಳು ಉತ್ತರದ ಹಿಮದ ಗಡಿಗೆ ಹೋದವು, ಸಾಲಾಗಿ ಸಾಮಾನು ಸಾಗಿಸುವ ಸೈನ್ಯದ ಗಾಡಿಗಳಿಗೆ. ಅದರಲ್ಲಿ ಒಂದು ಗಾಡಿಯ ಡ್ರೈವರ್ ನನ್ನ ಮಗಳು ಚೆನ್ನವ್ವ. ಇಪ್ಪತ್ತಾರು ವರ್ಷ, ನನ್ನದೇ ಸಿಟ್ಟು, ಅವಳವ್ವನ ಹಟ. ಅವಳು ಸೈನ್ಯಕ್ಕೆ ಸೇರಿದಾಗ ನನ್ನ ಹೆಂಡತಿ ನೀಲವ್ವ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದಳು. ಬಾಗಿಲು ಹೋದ ದಿನ ನಾನು ಮನೆಗೆ ಪೇಡೆ ಒಯ್ದೆ. "ಇನ್ನ ಚಿಂತಿ ಬ್ಯಾಡ. ನಾನ ಹೊಡದ ನೋಡೀನಿ" ಅಂದೆ. ಆ ಮಾತು ಆಮೇಲೆ ನನ್ನ ಗಂಟಲಿಗೇ ಸಿಕ್ಕಿಕೊಂಡಿತು.

ಚುನಾವಣೆ ಬಂತು. ಮತಪೆಟ್ಟಿಗೆ ಇಡುವುದಕ್ಕೆ ಅಂತ ನಮ್ಮ ಕೇಂದ್ರವನ್ನು ಹನ್ನೆರಡು ದಿನ ಮುಚ್ಚಿದರು. ಮುಚ್ಚುವ ದಿನ ಒಂದು ಬಾಗಿಲು ಚೌಕಟ್ಟಿಗೆ ಬಿಗಿದದ್ದು ಹಾಗೇ ಉಳಿಯಿತು. ತೆರೆದ ದಿನ ಟ್ರ್ಯಾಕ್ಟರ್ ಪಂಕ್ಚರ್. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ಹೇಗೂ ಬಾಗಿಲು ನಿಂತಿದೆಯಲ್ಲ ಅಂತ ಹೊಡೆದೆ.

ಗುಂಡು ದಾಟಿತು.

ಕೂತವನ ಎದೆ ಬರುವ ಎತ್ತರದಲ್ಲಿ, ಕಿರುಬೆರಳು ಹೋಗುವಷ್ಟು ತೂತು. ಇನ್ನೊಂದು ಹೊಡೆದೆ. ಅದೂ ದಾಟಿತು. ಮೂರನೆಯದನ್ನು ಕೆಳಗೆ, ಕಾಲು ಬರುವ ಜಾಗಕ್ಕೆ ಹೊಡೆದೆ. ಅಲ್ಲಿ ನಿಂತಿತು, ಬಂಡೆಗೆ ಹೊಡೆದ ಹಾಗೆ. ರೈಫಲ್ ಕೆಳಗಿಟ್ಟು ಮೂರನ್ನೂ ಹಾಳೆಯ ಮೇಲೆ ಬರೆದೆ.

ನಿರ್ದೇಶಕ ದೇಶಪಾಂಡೆ ಸಾಹೇಬರ ಕೋಣೆಗೆ ಓಡಿದೆ. ಅವರು ನನ್ನ ಹಾಳೆ ಓದಿ ಕನ್ನಡಕ ತೆಗೆದರು.

"ಈ ಬಾಗಿಲಾ ಯಾವಾಗ ತಂದದ್ದು?"

"ಹನ್ನೆರಡ ದಿನದ ಹಿಂದ, ಸರ್."

"ನಿಯಮ ಏನೈತಿ?"

"ಒಂದ ತಾಸಿನ್ಯಾಗ ಹೊಡೀಬೇಕು, ಸರ್."

"ಮತ್ತ? ಇದು ಪರೀಕ್ಷೆನ ಅಲ್ಲ. ಬಿಸಲಾಗ ನಿಂತ ಬಾಗಿಲಾ, ಏನೋ ಕೆಟ್ಟಿರತೈತಿ. ಲೆಕ್ಕಕ್ಕ ಬರೂದಿಲ್ಲ."

"ಸರ್, ಗುಂಡ ದಾಟೇತ್ರಿ! ಆ ಗುಂಡಿಗೆ ನಿಮ್ಮ ನಿಯಮ ಓದಾಕ ಬರೂದಿಲ್ರಿ!"

"ಅಡಿವೆಪ್ಪ, ನೀವು ಗುರಿಕಾರ್ರು. ವಿಜ್ಞಾನಿ ಅಲ್ಲ" ಅಂತ ಹಾಳೆಯನ್ನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದರು. ನಾನು ಹೊರಗೆ ಬರುವಾಗ ಅವರ ಕೋಣೆಯ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡೆನೆಂದರೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು.

ನನಗೆ ಮೊದಲಿನಿಂದಲೂ ಈ ಚಟ. ಸಿಟ್ಟು ಬಂದರೆ ಬಾಗಿಲು ಬಡಿಯುವುದು. ಆ ವಾರವೆಲ್ಲ ಮನೆಯ ಬಾಗಿಲುಗಳಿಗೆ ನನ್ನಿಂದ ನೆಮ್ಮದಿ ಇರಲಿಲ್ಲ. "ಬಾಗಲಾ ಏನ್ ಮಾಡೇತ್ರೀ ನಿಮಗ? ಕೀಲು ಕಿತ್ತ ಬಂದ್ರ ಕೂಡಸಾಂವ ಯಾರು?" ಅಂತ ನೀಲವ್ವ ಬೈದಳು. ನಿಜ ಏನು ಅಂತ ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಪೇಡೆ ತಿನ್ನಿಸಿ ಚಿಂತಿ ಬ್ಯಾಡ ಅಂದ ಬಾಯಿ ನನ್ನದು.

ಆದಿತ್ಯವಾರ ಮಧ್ಯಾಹ್ನ ಚೆನ್ನಿಯ ಫೋನು ಬಂತು. ಅವಳಿದ್ದ ಠಾಣೆಯಲ್ಲಿ ಮೊಬೈಲ್ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಉಪಗ್ರಹದ ಫೋನಿನಲ್ಲಿ ಮೂರು ನಿಮಿಷ, ಅಷ್ಟೇ.

"ಆರಾಮ ಅದೀನಪ್ಪಾ. ಹಿಮಾ ಬಿದ್ದ ದಾರಿ ಬಂದ್ ಆಗೇತಿ. ಇಪ್ಪತ್ತ ದಿನಾ ಆತು, ಗಾಡಿ ನಿಂತಲ್ಲೇ ನಿಂತಾವ. ಮುಂದಿನ ಆದಿತ್ಯವಾರ ತೆರೀತಾರಂತ, ಅವತ್ತ ಹೊಂಡೂದು."

"ಬಾಗಲಾ ಹೆಂಗದಾವ ಬೇ?"

ಅವಳು ನಕ್ಕಳು. "ಭಾಳ ವಜ್ಜಿ ಅದಾವ. ಭಾರಕ್ಕ ಕೀಲು ಹೋಗ್ತಾವಂತ ಹೇಳಿ ಪ್ರತಿ ಬಾಗಲಕ್ಕೂ ಚೀಟಿ ಅಂಟಿಸ್ಯಾರ, ಮೆಲ್ಲಕ ಹಾಕ್ರಿ ಅಂತ. ನೀ ಇಲ್ಲಿ ಡ್ರೈವರ್ ಆಗಿದ್ರ ಮೊದಲನೇ ದಿನಾನ ಮನಿಗೆ ಕಳಸ್ತಿದ್ರು ನೋಡ!"

ನಾನೂ ನಕ್ಕೆ. ಫೋನು ಕಟ್ಟಾಯಿತು. ಊಟಕ್ಕೆ ಕೂತೆ. ನೀಲವ್ವ ಬೆಳಿಗ್ಗೆ ಮಾಡಿಟ್ಟಿದ್ದ ಅಂಬಲಿಯ ಗಡಿಗೆ ತಂದಳು. ನಾನು ಅವಸರಕ್ಕೆ ಬಗ್ಗಿಸಿಕೊಂಡರೆ ಬಟ್ಟಲಿಗೆ ಬಿದ್ದದ್ದು ಬರೀ ನೀರು.

"ತಡೀರಿ, ತಳಾ ಕೂತೇತಿ. ಕದಡಿ ಹಾಕ್ತೀನಿ" ಅಂತ ಅವಳು ಸೌಟು ಆಡಿಸಿದಳು.

ನಾನು ಬಟ್ಟಲು ಅಲ್ಲೇ ಬಿಟ್ಟು ಎದ್ದೆ. ಮೇಲೆ ನೀರು, ಕೆಳಗೆ ಗಟ್ಟಿ. ಎದೆಯ ಹತ್ತಿರ ತೂತು, ಕಾಲಿನ ಹತ್ತಿರ ಬಂಡೆ. ಪ್ರತಿ ಬಾಗಿಲನ್ನೂ ಮೌಲಾಸಾಬ ಕಲ್ಲಿನ ದಾರಿಯಲ್ಲಿ ಎಗರಿಸಿ, ಕದಡಿ, ನನ್ನ ಮುಂದೆ ತಂದು ನಿಲ್ಲಿಸುತ್ತಿದ್ದ. ನಾನೂರ ಹನ್ನೆರಡು ಸಲ ನಾವು ಪರೀಕ್ಷೆ ಮಾಡಿದ್ದು ಬಾಗಿಲನ್ನಲ್ಲ, ಆಗತಾನೇ ಕದಡಿದ ಅಂಬಲಿಯನ್ನು. ಅಲ್ಲಿ ನನ್ನ ಮಗಳ ಬಾಗಿಲು ಇಪ್ಪತ್ತು ದಿನದಿಂದ ಅಲುಗಾಡಿಲ್ಲ. ಮೇಲಿಂದ ಮೆಲ್ಲಗೆ ಮುಚ್ಚಿ ಅಂತ ಚೀಟಿ ಬೇರೆ! ಮೂರು ನಿಮಿಷದ ಫೋನು ಮುಗಿದುಹೋಗಿತ್ತು. ಇನ್ನೊಂದು ಬರಬೇಕಾದರೆ ಏಳು ದಿನ.

ಸೋಮವಾರ ದೇಶಪಾಂಡೆ ಸಾಹೇಬರು ಸಿಗಲಿಲ್ಲ, ಮೀಟಿಂಗ್. ಮಂಗಳವಾರ ಸಿಕ್ಕರು, "ಬರದ ಕೊಡ್ರಿ" ಅಂದರು. ಬರೆದುಕೊಟ್ಟೆ. ನಿಂತ ಬಾಗಿಲಿಗೆ ಹೊಡೆಯುವ ಪರೀಕ್ಷೆ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿಲ್ಲದ ಪರೀಕ್ಷೆಗೆ ಗುಂಡು ಕೊಡುವಂತಿಲ್ಲ ಅಂತ ಉತ್ತರ ಬಂತು. ಅದೂ ಇಂಗ್ಲಿಷಿನಲ್ಲಿ. ಆ ಕಾಗದವನ್ನು ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ, ಮಡಚಿ ಜೇಬಿನಲ್ಲಿಟ್ಟುಕೊಂಡು ವಾರಿಜಾ ಮೇಡಂ ಕೋಣೆಗೆ ಹೋದೆ.

ಅವರು ಸಮಾಧಾನದಿಂದಲೇ ಕೇಳಿದರು. ಆಮೇಲೆ ಮೇಜಿನ ಮೇಲಿದ್ದ ಗಾಜಿನ ಜಾಡಿ ಎತ್ತಿಕೊಂಡರು. "ಅಡಿವೆಪ್ಪನವರೇ, ಇದು ಮೂರು ವರ್ಷದಿಂದ ಇಲ್ಲೇ ಇದೆ. ಒಂದು ದಿನಾನೂ ತಳ ಕೂತಿಲ್ಲ. ಬೇಕಾದ್ರೆ ನೀವೇ ನೋಡಿ."

ಮಾತಾಡುತ್ತ ಮಾತಾಡುತ್ತ ಅವರು ಜಾಡಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ.

"ಮೇಡಂ, ನಿಮ್ಮ ಕೈ ನೋಡ್ಕೊರಿ" ಅಂದೆ.

ಅವರು ನೋಡಿಕೊಂಡರು. ಕೈ ನಿಂತಿತು. ಅವರ ಕೋಣೆಗೆ ಬಂದವರೆಲ್ಲ ಮೊದಲು ಮಾಡುವ ಕೆಲಸವೇ ಅದು, ಜಾಡಿ ಎತ್ತಿ ಅಲುಗಾಡಿಸುವುದು. ನಾನೇ ಎಷ್ಟು ಸಲ ಮಾಡಿದ್ದೇನೋ. ಮೇಡಂ ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟರು. "ಛೆ" ಅಂದರು. ಆಮೇಲೆ ಒಂದು ಅರ್ಜಿ ಎಳೆದುಕೊಂಡು, 'ಬಾಗಿಲಿನ ಕೀಲಿನ ಪರೀಕ್ಷೆ' ಅಂತ ಬರೆದು ತಾವೇ ರುಜು ಹಾಕಿದರು. ಅದು ಪಟ್ಟಿಯಲ್ಲಿತ್ತು. ಗುಂಡಿನ ಪೆಟ್ಟಿಗೆ ಕೀಲು ತಡೆಯುತ್ತದೋ ಅಂತ ನೋಡುವುದು, ಅದಕ್ಕೆ ಇಪ್ಪತ್ತು ಗುಂಡು ಸಿಗುತ್ತಿತ್ತು.

ಗೋದಾಮಿನಲ್ಲಿ ಎರಡು ತಿಂಗಳಿಂದ ನಿಂತ ಬಾಗಿಲುಗಳಿದ್ದವು. ಟ್ರ್ಯಾಕ್ಟರಿಗೆ ಹಾಕಿದರೆ ಕದಡಿಬಿಡುತ್ತದೆ. ಅದಕ್ಕೆ ಬುಧವಾರ ಬೆಳಿಗ್ಗೆ ನಾನು, ಮೌಲಾಸಾಬ, ಗೋದಾಮಿನ ಇನ್ನಿಬ್ಬರು ಸೇರಿ ಒಂದನ್ನು ನಿಂತ ಹಾಗೇ ಬಿದಿರಿನ ಬೊಂಬಿಗೆ ಬಿಗಿದು, ಹೆಗಲ ಮೇಲೆ ಹೊತ್ತು ಎರಡು ಕಿಲೋಮೀಟರ್ ನಡೆದೆವು. ಮೇಡಂ ಮುಂದೆ ಮುಂದೆ ಕಲ್ಲು ಸರಿಸುತ್ತ ನಡೆದರು. "ಹವಾಲ್ದಾರ್ರ, ಹಿಂಗ ಹೊತ್ತ ನಾ ನಮ್ಮ ಮಾವನ ಹೆಣಾನೂ ಒಯ್ದಿಲ್ಲರೀ" ಅಂತ ಮೌಲಾಸಾಬ ಏದುಸಿರು ಬಿಟ್ಟ. ನನ್ನ ಭುಜ ಕಿತ್ತು ಬರುವ ಹಾಗಾಗಿತ್ತು.

ಹೊಡೆದೆ. ದಾಟಿತು. ಮೇಡಂ ತೂತಿನ ಮುಂದೆ ಕೂತು, ಅದರಿಂದ ಸೋರುತ್ತಿದ್ದ ತಿಳಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಅದರಲ್ಲಿ ಒಂದು ಕಣವೂ ಇರಲಿಲ್ಲ. "ಇದು ನನ್ನ ತಪ್ಪು. ನಿಮ್ಮದಲ್ಲ" ಅಂದರು. ಬೈಯಬೇಕು ಅಂದುಕೊಂಡಿದ್ದೆ, ಆಗಲಿಲ್ಲ.

ಬಾಗಿಲನ್ನು ಬಡಿದರೆ ಒಳಗಿನದು ಮತ್ತೆ ಕದಡುತ್ತದೆಯೇ? ಎಷ್ಟು ಬಡಿಯಬೇಕು? ಬುಧವಾರ, ಗುರುವಾರ ಅದೇ ಕೆಲಸ. ಹಳೇ ಗಾಡಿಯೊಂದನ್ನು ಬಯಲಿನಲ್ಲಿ ನಿಲ್ಲಿಸಿ, ಹೊತ್ತು ತಂದ ಬಾಗಿಲು ಕೂರಿಸಿ, ಬಡಿಯುವುದು ನಾನು. ಅದರಲ್ಲಿ ನನ್ನಷ್ಟು ಅನುಭವ ಇನ್ಯಾರಿಗೂ ಇರಲಿಲ್ಲ. ಐದು ಸಲ ಬಡಿದು ಹೊಡೆದೆ, ದಾಟಿತು. ಎಂಟು ಸಲ ಬಡಿದಾಗಲೂ ದಾಟಿತು. ಒಂಬತ್ತಕ್ಕೆ ಒಳತಗಡು ಹರಿದು ಗುಂಡಿನ ತುದಿ ಇಣುಕಿತು. ಹತ್ತಕ್ಕೆ ನಿಂತಿತು. ಇನ್ನೊಂದು ಬಾಗಿಲಿಗೂ ಹತ್ತಕ್ಕೇ ನಿಂತಿತು, ಮೂರನೆಯದಕ್ಕೂ ಹಾಗೇ. ಹೊಸ ಬಾಗಿಲಿನಲ್ಲಿ ತಳ ಕೂರದ ಹಾಗೆ ಏನಾದರೂ ಮಾಡುತ್ತೇನೆ, ಆದರೆ ಅದಕ್ಕೆ ವರ್ಷ ಬೇಕು ಅಂದರು ಮೇಡಂ. ಚೆನ್ನಿ ಹೊರಡಲು ಮೂರು ದಿನ ಇತ್ತು.

ದೇಶಪಾಂಡೆ ಸಾಹೇಬರು ತೂತುಬಿದ್ದ ಬಾಗಿಲುಗಳನ್ನು ಕಣ್ಣಾರೆ ನೋಡಿದರು. ಮುಖ ಕಪ್ಪಿಟ್ಟಿತು. ಶುಕ್ರವಾರ ಒಂದು ಸುತ್ತೋಲೆ ಹೋಯಿತು: 'ವಾಹನ ಏರುವ ಮೊದಲು ಪ್ರತಿ ಬಾಗಿಲನ್ನು ಹತ್ತು ಬಾರಿ ಬಲವಾಗಿ ಬಡಿಯತಕ್ಕದ್ದು.' ಅಷ್ಟೇ. ಕಾರಣ ಅಂತ ಮೇಡಂ ಬರೆದಿದ್ದ ನಾಲ್ಕು ಸಾಲನ್ನು ಸಾಹೇಬರು ಹೊಡೆದು ಹಾಕಿದ್ದರು. "ನಮ್ಮ ಕೇಂದ್ರದ ಮರ್ಯಾದಿ ಪ್ರಶ್ನೆ" ಅಂದರಂತೆ. ಸಿಪಾಯಿಗೆ ಕಾರಣ ಹೇಳದೆ ಬಾಗಿಲು ಬಡಿ ಅಂದರೆ ಏನು ಮಾಡುತ್ತಾನೆ? ನಗುತ್ತಾನೆ. ನಾನು ಸಿಪಾಯಿಯಾಗಿದ್ದವನು, ನನಗೆ ಗೊತ್ತಿಲ್ಲವೇ?

ಶನಿವಾರ ನೀಲವ್ವನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಎಷ್ಟ ಸಲ ಅಂದ್ರಿ?" ಅಂತ ಮಾತ್ರ ಕೇಳಿದಳು.

ಆದಿತ್ಯವಾರ ಬೆಳಿಗ್ಗೆ ಏಳಕ್ಕೇ ಫೋನು ಬಂತು. ನೀಲವ್ವ ಓಡಿ ಬಂದು ಪಕ್ಕದಲ್ಲಿ ಕೂತಳು.

"ಹೊಂಟೇವಪ್ಪಾ. ಲಗೂನ ಮಾತಾಡ, ಗಾಡಿ ಚಾಲೂ ಮಾಡ್ಯಾರ."

"ಬಾಗಲಾ ಬಡದ್ರಿ?"

"ಹಾಂ? ಓ, ಅದಾ? ಯಾವನೋ ತಲಿಕೆಟ್ಟಾಂವ ಕಾಗದಾ ಕಳಸ್ಯಾನಂತ. ನಮ್ಮ ಸಾಹೇಬ್ರು ಓದಿ ನಕ್ಕು, ಚೀಟಿ ಮೆಲ್ಲಕ ಅಂತೈತಿ, ಕಾಗದಾ ಜೋರಾಗಿ ಅಂತೈತಿ, ಯಾವುದ ಕೇಳೂದು ಅಂದ್ರು."

"ಆ ತಲಿಕೆಟ್ಟಾಂವ ನಾನ ಬೇ!" ನನ್ನ ದನಿಗೆ ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. "ಒಳಗಿನ ಅಂಬ್ಲಿ ತಳಾ ಕೂತೇತಿ. ಮ್ಯಾಲ ಬರೇ ಎಣ್ಣಿ ಐತಿ. ಗುಂಡು ಸೀದಾ ನಿನ್ನ ಎದೀಗೆ ಬರ್ತೈತಿ. ನಾ ಹೊಡದ ನೋಡೀನಿ, ನನ್ನ ಕೈಯಾರೆ ಹೊಡದ ನೋಡೀನಿ! ಹತ್ತು ಸಲ ಬಡಿ. ಫೋನ್ ಹಿಡಕೊಂಡ ಹೋಗಿ ಈಗ ಬಡಿ, ನಾ ಕೇಳ್ತೀನಿ. ನಿಮ್ಮ ಸಾಹೇಬ್ಗೂ ಹೇಳು, ಎಲ್ಲಾ ಗಾಡೀಗೂ ಬಡಸು!"

ಆ ಕಡೆ ಹಿಮದ ಮೇಲೆ ಬೂಟಿನ ಸದ್ದು. ಯಾರಿಗೋ ಹಿಂದಿಯಲ್ಲಿ ತಡೆಯಿರಿ ಅಂತ ಅವಳು ಕೂಗಿದ್ದು ಕೇಳಿಸಿತು. ನೀಲವ್ವ ನನ್ನ ಕೈಯೊಳಗಿನ ಫೋನಿಗೆ ಕಿವಿ ಹಚ್ಚಿ ಬೆರಳು ಮಡಚಲು ಸಿದ್ಧಳಾದಳು.

ಧಡ್.

ಧಡ್. ಧಡ್. ಯಾರೋ ನಕ್ಕರು. ಧಡ್. ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಅಷ್ಟು ಎತ್ತರದ ಜಾಗ, ಅಷ್ಟು ಭಾರದ ಬಾಗಿಲು. ಧಡ್. ಧಡ್. ಎರಡೂವರೆ ನಿಮಿಷ ಆಗಿತ್ತು. ಧಡ್. ಧಡ್.

ಧಡ್.

"ಆತಪಾ" ಅಂದಳು ಏದುತ್ತ. "ಹೊಂಡ್ತೀನಿ, ಕರ್ಯಾಕತ್ತಾರ."

"ಒಂಬತ್ತ ಆಗ್ಯಾವ! ಏ ಚೆನ್ನೀ, ಒಂಬತ್ತ! ಇನ್ನೊಂದ ಬಡಿ ಬೇ!"

"ಹತ್ತ ಆಗ್ಯಾವಪ್ಪಾ, ನಾ ಎಣಿಸೀನಿ..."

ಅಷ್ಟರಲ್ಲಿ ನೀಲವ್ವ ಫೋನು ಕಸಿದುಕೊಂಡಳು. ಮೂವತ್ತು ವರ್ಷ ನನಗೆ ಬಾಗಿಲು ಮೆಲ್ಲಗೆ ಹಾಕಿ ಅಂತ ಬೈದವಳು, ಒಂದು ಬೆರಳು ಮಡಚದೆ ಉಳಿದ ಕೈಯನ್ನು ಎತ್ತಿ ಹಿಡಿದು, ಇಡೀ ಓಣಿಗೆ ಕೇಳುವ ಹಾಗೆ ಚೀರಿದಳು. "ನಿಮ್ಮಪ್ಪ ಹೇಳಿದಂಗ ಬಡಿ! ಮುರದ್ರ ಮುರೀಲಿ, ಬಡಿ ನನ ಮಗಳ!"

ಧಡ್.

ನೀಲವ್ವ ಆ ಬೆರಳನ್ನೂ ಮಡಚಿದಳು. ಆಮೇಲೆ ಲೈನು ಕಟ್ಟಾಯಿತು.